ಡಾಕ್ಯುಮೆಂಟೇಶನ್ ಓದಿದವನ ಗತಿ

ನಮ್ಮೂರು ಶಿರಗುಪ್ಪಿ. ಕಾಗವಾಡ ತಾಲ್ಲೂಕು, ಕೃಷ್ಣೆಯ ಕಬ್ಬಿನ ಸೀಮೆ, ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ. ಈ ಹೆಸರನ್ನು ಪೈಥಾನ್ ಭಾಷೆಯ ಒಂದು ಸಾಲಿಗೆ ಕೊಟ್ಟು, ‘ಪದದಲ್ಲಿ ಬರುವ ಅಕ್ಷರ ಬಿಟ್ಟು ಉಳಿದ ಕಸ ಎಲ್ಲಾ ತೆಗಿ’ ಅಂತ ಹೇಳಿದರೆ ಹೊರಗೆ ಬರೋದು: ಶರಗಪಪ. ಸಿದ್ದಪ್ಪ ಅನ್ನೋ ಹೆಸರು ಸದದಪಪ ಆಗುತ್ತದೆ. ಬಸಗೌಡ ಹೋಗಿ ಬಸಗಡ ಆಗುತ್ತಾನೆ. ‘ಕನ್ನಡ’ ಅಂತ ಕೊಟ್ಟು, ಇದರಲ್ಲಿ ಎಷ್ಟು ಪದ ಇವೆ ಹುಡುಕು ಅಂದರೆ ಎರಡು ಸಿಗುತ್ತವೆ: ‘ಕನ’ ಮತ್ತು ‘ನಡ’.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಇದ್ದರೆ ಈಗಲೇ ಮಾಡಿ ನೋಡಬಹುದು. ‘ಆರ್‌ಇ’ ಅನ್ನೋ ಮಾಡ್ಯೂಲ್, ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅನ್ನೋ ಗುರುತು. ಪದದ ಅಕ್ಷರ ಅಂತ ಅದರ ಅರ್ಥ. ನಾವು ದಿನಾ ಬಳಸೋದು. ಹೆಸರು ಸ್ವಚ್ಛ ಮಾಡಲಿಕ್ಕೆ, ಹುಡುಕಾಟಕ್ಕೆ, ಎಷ್ಟು ಪದ ಅಂತ ಎಣಿಸಲಿಕ್ಕೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿ, ಹೆಸರು ಬೇಡ, ರೈತರಿಗೆ ಅಂತ ಒಂದು ಆ್ಯಪ್ ಮಾಡಿತ್ತು. ಹೆಸರು ಕನ್ನಡದಲ್ಲೇ ಬರೆಯಬಹುದು ಅನ್ನೋದು ಅದರ ದೊಡ್ಡ ಜಾಹೀರಾತು. ಒಳಗೆ ಒಂದು ಫಂಕ್ಷನ್ ಇತ್ತು. ಹೆಸರಿನಲ್ಲಿ ಚುಕ್ಕಿ, ಅಡ್ಡಗೆರೆ, ಎಮೋಜಿ ಬಂದರೆ ತೆಗೆದುಹಾಕೋದು ಅದರ ಕೆಲಸ. ಮುಂದೆ ಏನಾಯಿತು ಅಂತ ಊಹಿಸಿರುತ್ತೀರಿ. ಪಾಸ್‌ಬುಕ್‌ನಲ್ಲಿದ್ದ ಹೆಸರಿಗೂ ಆ್ಯಪ್‌ನಲ್ಲಿದ್ದ ಹೆಸರಿಗೂ ತಾಳೆ ಬೀಳಲಿಲ್ಲ, ಬರಬೇಕಾದ ದುಡ್ಡು ನಿಂತಿತು. ನಮ್ಮ ಕಡೆಯ ಒಬ್ಬರು ನನಗೆ ಫೋನ್ ಹಚ್ಚಿ, ‘ತಮ್ಮಾ, ಇದ್ರಾಗ ನನ್ನ ಹೆಸರಿನ ಕೈಕಾಲು ಮುರದಾರ ನೋಡು’ ಅಂದರು. ಅದಕ್ಕಿಂತ ಚೆನ್ನಾಗಿ ಈ ಬಗ್ ಅನ್ನು ವರ್ಣಿಸಿದ್ದು ನಾನು ಎಲ್ಲೂ ಓದಿಲ್ಲ.

ಇಂಥದ್ದು ಆದಾಗ ನಮ್ಮ ವೃತ್ತಿಯಲ್ಲಿ ಒಂದು ಸಿದ್ಧ ಬೈಗುಳ ಇದೆ: ಡಾಕ್ಯುಮೆಂಟೇಶನ್ ಓದಿಲ್ಲ. ಆದರೆ ಆ ಕೋಡ್ ಬರೆದ ಹುಡುಗ ಓದಿದ್ದ. ನಾನು ಅವನ ಜೊತೆ ಕೂತು ಮಾತಾಡಿದ್ದೇನೆ. ಓದಿದ್ದ, ಆಮೇಲೆ ಟೆಸ್ಟ್ ಕೂಡ ಬರೆದಿದ್ದ. ಇಂಗ್ಲಿಷ್ ಹೆಸರು ಪಾಸು, ತಲೆ ಮೇಲೆ ಗೆರೆ ಇರೋ ಫ್ರೆಂಚ್ ಹೆಸರು ಪಾಸು, ಚೀನೀ ಹೆಸರು ಪಾಸು. ಜಗತ್ತಿನ ಭಾಷೆಗಳೆಲ್ಲ ನಡೀತಾವೆ ಅಂತ ತಿಳಿಯಲಿಕ್ಕೆ ಅವನಿಗೆ ಪೂರಾ ಕಾರಣ ಇತ್ತು. ಹಾಗಾದರೆ ತಪ್ಪಿದ್ದು ಎಲ್ಲಿ? ಅವನು ಓದಿದ ವಾಕ್ಯದಲ್ಲಿ.

ಆ ವಾಕ್ಯವನ್ನೇ ಸ್ವಲ್ಪ ನೋಡೋಣ. ಪೈಥಾನ್ 3ರ ಹಳೆಯ ಆವೃತ್ತಿಗಳ ಡಾಕ್ಯುಮೆಂಟೇಶನ್‌ನಲ್ಲಿ ಈ ಗುರುತಿನ ಬಗ್ಗೆ ಇದ್ದ ಮಾತಿನ ಸಾರ ಇಷ್ಟು: ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಬಹುತೇಕ ಅಕ್ಷರಗಳು ಇದರಲ್ಲಿ ಸೇರುತ್ತವೆ, ಜೊತೆಗೆ ಅಂಕಿ ಮತ್ತು ಅಂಡರ್‌ಸ್ಕೋರ್. ‘ಬಹುತೇಕ’ ಅನ್ನೋ ಪದದ ಮೇಲೆ ಬೆರಳಿಡಿ. ಆ ಪದದ ಕೆಳಗೆ ಕನ್ನಡದ ಎಲ್ಲಾ ಗುಣಿತಗಳೂ, ಎಲ್ಲಾ ಒತ್ತಕ್ಷರಗಳೂ ಹೂತುಹೋಗಿವೆ. ಹಿಂದಿ, ತಮಿಳು, ಬಂಗಾಳಿ, ಮಲಯಾಳಂನವೂ ಅಲ್ಲೇ ಇವೆ. ಬರೆದವರು ಸುಳ್ಳು ಹೇಳಿಲ್ಲ. ಬಹುತೇಕ ಅಂದಿದ್ದಾರೆ, ಬಹುತೇಕವೇ ಸರಿ. ಆದರೆ ಓದುವವನಿಗೆ ‘ಬಹುತೇಕ’ ಅಂದರೆ ‘ನನ್ನದೂ ಇದೆ’ ಅಂತಲೇ ಕೇಳಿಸುತ್ತದೆ.

ಹೊಸ ಆವೃತ್ತಿಗಳಲ್ಲಿ ಈ ವಾಕ್ಯ ತಿದ್ದಿದ್ದಾರೆ. ಈಗ, ಯೂನಿಕೋಡ್‌ನ ಅಕ್ಷರ-ಅಂಕಿಗಳೆಲ್ಲ ಸೇರುತ್ತವೆ, ಯಾವುದು ಅಕ್ಷರ-ಅಂಕಿ ಅಂತ ನಿರ್ಧರಿಸೋದು ಇಂಥ ಫಂಕ್ಷನ್, ಅನ್ನೋ ಅರ್ಥದ ಮಾತಿದೆ. ನಿಖರತೆಯಲ್ಲಿ ಮೊದಲಿನದಕ್ಕಿಂತ ನೂರು ಪಾಲು ಮೇಲು. ಉಪಯೋಗದಲ್ಲಿ? ‘ಶಿ’ಯಲ್ಲಿರುವ ಗುಡಿಸು ಅಕ್ಷರವೋ ಅಲ್ಲವೋ ಅಂತ ಯಾವ ಡೆವಲಪರ್‌ಗೆ ಗೊತ್ತು? ನನ್ನ ಕನ್ನಡ ಮೇಷ್ಟ್ರನ್ನ ಕೇಳಿದರೆ ‘ಶಿ’ ಅನ್ನೋದೇ ಒಂದು ಅಕ್ಷರ ಅಂತಾರೆ. ಯೂನಿಕೋಡ್ ಕೇಳಿದರೆ ಅದು ಎರಡು: ‘ಶ’ ಅನ್ನೋ ಅಕ್ಷರ, ಅದರ ಮೇಲೆ ಕೂತ ಒಂದು ಚಿಹ್ನೆ. ಗುಣಿತದ ಚಿಹ್ನೆಗಳನ್ನೂ ಒತ್ತು ಕೊಡುವ ವಿರಾಮವನ್ನೂ ಯೂನಿಕೋಡ್ ‘ಮಾರ್ಕ್’ ಅನ್ನೋ ಬೇರೆ ವರ್ಗದಲ್ಲಿ ಇಟ್ಟಿದೆ. ಶಿರಗುಪ್ಪಿಯಲ್ಲಿ ನಮ್ಮ ಕಣ್ಣಿಗೆ ಕಾಣೋದು ನಾಲ್ಕು ಅಕ್ಷರ, ಒಳಗೆ ಇರೋದು ಒಂಬತ್ತು ಸಂಕೇತ, ಅದರಲ್ಲಿ ನಾಲ್ಕು ಮಾರ್ಕ್‌ಗಳು. ಆ ನಾಲ್ಕು ಹೋದರೆ ಶರಗಪಪ. ಈ ಎರಡು ತಿಳುವಳಿಕೆಗಳ ನಡುವಿನ ಸೇತುವೆಯೇ ಡಾಕ್ಯುಮೆಂಟೇಶನ್‌ನ ಕೆಲಸ. ಹಳೆಯ ವಾಕ್ಯ ಸೇತುವೆ ಇದೆ ಅಂತ ನಂಬಿಸಿತು. ಹೊಸ ವಾಕ್ಯ ಹೊಳೆಯ ಆಚೆ ದಂಡೆಯ ವಿಳಾಸ ಸರಿಯಾಗಿ ಬರೆದುಕೊಟ್ಟಿತು.

ಇನ್ನೂ ಬೇಸರದ ಸಂಗತಿ ಅಂದರೆ ಉತ್ತರ ಯಾರಿಗೂ ಗೊತ್ತಿರಲಿಲ್ಲ ಅಂತ ಅಲ್ಲ. ಯೂನಿಕೋಡ್‌ನವರದ್ದೇ ಒಂದು ತಾಂತ್ರಿಕ ಮಾನದಂಡ ಇದೆ, 18ನೇ ನಂಬರಿನದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಬಗ್ಗೆ. ಪದದ ಅಕ್ಷರ ಅಂದರೆ ಮಾರ್ಕ್‌ಗಳನ್ನೂ ಸೇರಿಸಿಕೊಳ್ಳಿ ಅಂತ ಅದು ಸ್ಪಷ್ಟವಾಗಿ ಶಿಫಾರಸು ಮಾಡುತ್ತದೆ. ರೋಮನ್ ಅಲ್ಲದ ಲಿಪಿಗಳಿಗೆ ಈ ಗುರುತು ಪ್ರಯೋಜನ ಇಲ್ಲ ಅಂತ ಪೈಥಾನ್‌ನ ಇಶ್ಯೂ ಪಟ್ಟಿಯಲ್ಲಿ 2007ರಲ್ಲೇ ಒಬ್ಬರು ದೂರು ದಾಖಲಿಸಿದ್ದಾರೆ, 2011ರಲ್ಲಿ ಇನ್ನೊಬ್ಬರು ಆ ಮಾನದಂಡವನ್ನೇ ಎತ್ತಿ ತೋರಿಸಿದ್ದಾರೆ. ಪೈಥಾನ್‌ನ ಅದೇ ಪುಟದ ಮೇಲ್ಭಾಗದಲ್ಲಿ ‘ಇದನ್ನೂ ನೋಡಿ’ ಅಂತ ಒಂದು ಪೆಟ್ಟಿಗೆ ಇದೆ. ‘ರಿಜೆಕ್ಸ್’ ಅನ್ನೋ ಬೇರೆಯವರ ಪ್ಯಾಕೇಜ್ ಇದೆ, ಅದರಲ್ಲಿ ಯೂನಿಕೋಡ್ ಬೆಂಬಲ ಹೆಚ್ಚು ಪರಿಪೂರ್ಣ ಅಂತ ಸೂಚನೆ. ಆ ಪ್ಯಾಕೇಜ್ ಹಾಕಿಕೊಂಡರೆ ‘ಕನ್ನಡ’ ಒಂದೇ ಪದವಾಗಿ ಉಳಿಯುತ್ತದೆ. ಅಂದರೆ ಔಷಧ ಅದೇ ಪುಟದಲ್ಲೇ ಇತ್ತು, ರೋಗದ ಹೆಸರು ಮಾತ್ರ ಬರೆದಿರಲಿಲ್ಲ. ‘ಹೆಚ್ಚು ಪರಿಪೂರ್ಣ’ ಅಂತ ಓದಿದವನು, ಓಹೋ, ನನಗೆ ಅಷ್ಟೆಲ್ಲ ಬೇಡ, ಇರೋದೇ ಸಾಕು ಅಂತ ಮುಂದೆ ಹೋಗುತ್ತಾನೆ. ನಾನಾದರೂ ಹೋಗುತ್ತಿದ್ದೆ.

ಹೋಲಿಕೆಗೆ ಜಾವಾಸ್ಕ್ರಿಪ್ಟ್ ನೋಡ್ರಿ. ಅಲ್ಲಿ ಇದೇ ಗುರುತು ಕನ್ನಡಕ್ಕೆ ಪೂರಾ ನಿರುಪಯೋಗಿ, ಒಂದು ಅಕ್ಷರವನ್ನೂ ಹಿಡಿಯೋದಿಲ್ಲ. ಆದರೆ ಎಮ್‌ಡಿಎನ್ ಪುಟದಲ್ಲಿ ಇದು ಮೂಲ ಲ್ಯಾಟಿನ್ ವರ್ಣಮಾಲೆಗೆ ಮಾತ್ರ ಅಂತ ಸ್ಪಷ್ಟವಾಗಿ ಬರೆದಿದೆ. ಓದಿದವನು ಅಲ್ಲೇ ನಿಂತು, ಹಾಗಾದರೆ ಕನ್ನಡಕ್ಕೆ ಬೇರೆ ದಾರಿ ಹುಡುಕಬೇಕು ಅಂತ ಎಚ್ಚರಾಗುತ್ತಾನೆ. ಕೆಟ್ಟ ಫಂಕ್ಷನ್, ಒಳ್ಳೆ ಡಾಕ್ಯುಮೆಂಟೇಶನ್. ಪೈಥಾನ್‌ನದು ಅದಕ್ಕಿಂತ ಒಳ್ಳೆ ಫಂಕ್ಷನ್, ಆದರೆ ರೈತನ ಹೆಸರು ಮುರಿದದ್ದು ಇದೇ. ಹಾಗಂತ ಪೈಥಾನ್‌ನವರ ಬರಹವೆಲ್ಲ ಹೀಗೆ ಅಂತ ತಿಳಿಯಬೇಡಿ. ಅವರದ್ದೇ ‘ಯೂನಿಕೋಡ್ ಹೌಟು’ ಅನ್ನೋ ಬರಹ ಇದೆ. ಸಂಕೇತ ಅಂದರೆ ಏನು, ಬೈಟ್ ಅಂದರೆ ಏನು, ಎರಡೂ ಯಾಕೆ ಬೇರೆ ಅಂತ ಗೊತ್ತಿಲ್ಲದವನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಅದು ಓದಬೇಕಾದ್ದು. ಆದರೆ ಸಂಜೆ ಐದಕ್ಕೆ ರಿಲೀಸ್ ಇಟ್ಟುಕೊಂಡು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹುಡುಕಿ ಬಂದವನ ಕಾಲು ಆ ಪುಟಕ್ಕೆ ತಾನಾಗಿ ಹೋಗೋದಿಲ್ಲ.

ನಮ್ಮ ಹೊಲದಲ್ಲಿ ಕೀಟನಾಶಕದ ಬಾಟಲಿ ನೋಡಿದವರಿಗೆ ಗೊತ್ತು. ಅದರ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಒಳಗಿನ ಕಾಗದದಲ್ಲಿ ಇರುವೆ ಸೈಜಿನ ಅಕ್ಷರದಲ್ಲಿ ಹತ್ತು ಭಾಷೆಯ ವಿವರ ಇರಲಿ ಬಿಡಲಿ, ಅದನ್ನು ಯಾರೂ ಓದೋದಿಲ್ಲ. ತ್ರಿಕೋನವನ್ನು ಯೋಜಿಸಿದವರು ಒಂದು ವಿಷಯ ಒಪ್ಪಿಕೊಂಡು ಶುರು ಮಾಡಿದ್ದಾರೆ: ಇವನು ಓದೋದಿಲ್ಲ, ಓದಲಿಕ್ಕೆ ಬರದೇ ಇರಬಹುದು, ಆದರೆ ಬಾಟಲಿ ಅಂತೂ ಕೈಯಲ್ಲಿ ಹಿಡಿದೇ ಹಿಡಿಯುತ್ತಾನೆ. ಎಚ್ಚರಿಕೆ ಕೈ ತಾಗುವ ಜಾಗದಲ್ಲಿ ಇರಬೇಕು. ಡಾಕ್ಯುಮೆಂಟೇಶನ್ ಯೋಜನೆ ಅಂತ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತೇವಲ್ಲ, ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಹತ್ತಿರ ಏನೇನಿದೆ ಅನ್ನೋದು ಆಮೇಲೆ. ಇಲ್ಲಿಗೆ ಬರುವವನ ಕೈಯಲ್ಲಿ ಏನಿರುತ್ತದೆ, ಅವನು ಎಲ್ಲಿ ಸುಟ್ಟುಕೊಳ್ಳುತ್ತಾನೆ ಅನ್ನೋದು ಮೊದಲು.

ಯೂನಿಕೋಡ್‌ನ ಮಾತು ಬಂತು, ಅವರ ಮನೆಯಲ್ಲೇ ಆದ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹಳಗನ್ನಡದ ೞ ಅಕ್ಷರ ಗೊತ್ತಲ್ಲ? ಮೞೆ, ಕೋೞಿ, ಏೞು. ಈಗ ಇವೆಲ್ಲ ಮಳೆ, ಕೋಳಿ, ಏಳು ಆಗಿವೆ. ತಮಿಳು ಮಲಯಾಳಗಳಲ್ಲಿ ಇದರ ಜೋಡಿ ಅಕ್ಷರ ಇನ್ನೂ ಬದುಕಿದೆ. ಯೂನಿಕೋಡ್‌ನಲ್ಲಿ ಇದಕ್ಕೂ ಜಾಗ ಇದೆ, ದಶಮಾನ ಲೆಕ್ಕದಲ್ಲಿ 3294ನೇ ಸಂಕೇತ. ಅದರ ಅಧಿಕೃತ ಹೆಸರು ಏನು ಗೊತ್ತೇನು? ‘ಕನ್ನಡ ಲೆಟರ್ ಎಫ್‌ಎ’. ಫ್ಯಾನ್ ಅನ್ನೋದರಲ್ಲಿ ಬರೋ ‘ಫ’! ಅದನ್ನು ನಾವು ‘ಫ’ದ ಕೆಳಗೆ ನುಕ್ತಾ ಇಟ್ಟು ಬರೆಯುತ್ತೇವೆ. ೞಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ತಪ್ಪು ಅಂತ ಗೊತ್ತಾದ ಮೇಲೂ ಹೆಸರು ಬದಲಿಸುವ ಹಾಗಿಲ್ಲ. ಒಮ್ಮೆ ಇಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಿಸಬಾರದು ಅನ್ನೋದು ಯೂನಿಕೋಡ್‌ನ ನಿಯಮ. ಆ ಹೆಸರನ್ನು ನಂಬಿ ಬರೆದ ಪ್ರೋಗ್ರಾಂಗಳು ಮುರಿಯಬಾರದಲ್ಲ. ನಿಯಮ ಸರಿಯಾದದ್ದೇ. ಹಾಗಾಗಿ ಅವರು ಮಾಡಿದ್ದು ಇಷ್ಟು: ತಪ್ಪು ಹೆಸರನ್ನು ಹಾಗೇ ಇಟ್ಟು, ಪಕ್ಕದಲ್ಲಿ ‘ಇದು ತಪ್ಪು, ಸರಿಯಾದ ಹೆಸರು ಎಲ್‌ಎಲ್‌ಎಲ್‌ಎ’ ಅನ್ನೋ ಅರ್ಥದ ಟಿಪ್ಪಣಿ ಸೇರಿಸಿದರು, ತಿದ್ದಿದ ಹೆಸರುಗಳಿಗೆಂದೇ ಇರುವ ಬೇರೆ ಫೈಲ್‌ನಲ್ಲಿ ದಾಖಲಿಸಿದರು. ಪೈಥಾನ್ 3.3ರಿಂದ ಆ ಸರಿಯಾದ ಹೆಸರು ಕೊಟ್ಟು ಹುಡುಕಿದರೆ ೞ ಸಿಗುತ್ತದೆ. ಉಲ್ಟಾ, ೞ ಕೊಟ್ಟು ನಿನ್ನ ಹೆಸರೇನು ಅಂದರೆ ಇವತ್ತಿಗೂ ‘ಎಫ್‌ಎ’ ಅಂತಲೇ ಹೇಳುತ್ತದೆ. ನನಗೆ ಇದು ಸಿಟ್ಟು ಬರಿಸೋದಿಲ್ಲ, ನಿಜ ಹೇಳಬೇಕಂದ್ರೆ ಗೌರವ ಬರಿಸುತ್ತದೆ. ತಪ್ಪನ್ನು ಅಳಿಸದೆ, ಮುಚ್ಚದೆ, ಅದು ತಪ್ಪು ಅಂತ ಅದರ ಪಕ್ಕದಲ್ಲೇ ಬರೆದಿದ್ದಾರೆ. ನಮ್ಮ ಆಫೀಸುಗಳ ವಿಕಿಯಲ್ಲಿ ಹಳೆಯ ಪುಟ ತಪ್ಪು ಅಂತ ಗೊತ್ತಾದರೆ ಏನು ಮಾಡುತ್ತಾರೆ? ‘ಹೊಸದು, ಅಂತಿಮ, ವರ್ಷನ್ 2’ ಅಂತ ಇನ್ನೊಂದು ಪುಟ ಮಾಡುತ್ತಾರೆ. ಎರಡೂ ಸರ್ಚ್‌ನಲ್ಲಿ ಬರುತ್ತವೆ. ಹಳೆಯದೇ ಮೊದಲು ಬರುತ್ತದೆ.

ಈ ೞದ ಬಗ್ಗೆ ಕನ್ನಡದಲ್ಲೇ ಒಂದು ಒಳ್ಳೆ ಡಾಕ್ಯುಮೆಂಟೇಶನ್ ಇದೆ, ಹದಿಮೂರನೇ ಶತಮಾನದ್ದು. ಕೇಶಿರಾಜನ ಶಬ್ದಮಣಿದರ್ಪಣ. ಪಿಯುಸಿಯಲ್ಲಿ ಹೆಸರು ಕೇಳಿ ಮರೆತವರೇ ಹೆಚ್ಚು. ನಾನು ಬಿಇ ಮುಗಿದ ಮೇಲೆ, ಹಠಕ್ಕೆ ಬಿದ್ದು ಅರ್ಧಂಬರ್ಧ ಓದಿದವನು. ನಮ್ಮಲ್ಲಿ ಎಲ್ಲಾ ಮೊದಲೇ ಇತ್ತು ಅನ್ನೋ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ, ಹೇಳುತ್ತಿರೋದು ಅದಲ್ಲ. ನೋಡಬೇಕಾದ್ದು ಪುಸ್ತಕದ ಕಟ್ಟೋಣ. ಮೊದಲು ಸೂತ್ರ, ಕಂದಪದ್ಯದಲ್ಲಿ, ಬಾಯಿಪಾಠ ಮಾಡಲಿಕ್ಕೆ ಬರೋ ಹಾಗೆ. ಅದರ ಕೆಳಗೆ ವೃತ್ತಿ, ಅಂದರೆ ಗದ್ಯದಲ್ಲಿ ವಿವರಣೆ. ಸೂತ್ರ ಬರೆದವನೇ ವೃತ್ತಿಯನ್ನೂ ಬರೆದಿದ್ದಾನೆ. ಅದರ ಕೆಳಗೆ ಪ್ರಯೋಗ, ಅಂದರೆ ಹಿಂದಿನ ಕವಿಗಳು ನಿಜವಾಗಿ ಬಳಸಿದ ಉದಾಹರಣೆಗಳು. ಮೂರೂ ಒಂದೇ ಜಾಗದಲ್ಲಿ. ನಿಯಮ ಬೇಕಾದವನು ಸೂತ್ರ ನೋಡಿಕೊಂಡು ಹೋಗಲಿ, ತಿಳಿಯದವನು ಒಂದು ಮೆಟ್ಟಿಲು ಇಳಿಯಲಿ, ನಂಬದವನು ಇನ್ನೊಂದು ಮೆಟ್ಟಿಲು ಇಳಿಯಲಿ.

ೞ ವಿಷಯಕ್ಕೆ ಬಂದಾಗ ಆತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಆ ಹೊತ್ತಿಗಾಗಲೇ ಜನ ೞ ಮತ್ತು ಳ ಕಲಸುತ್ತಿದ್ದರು. ಯಾವ ಪದದಲ್ಲಿ ೞ ಬರುತ್ತದೆ ಅಂತ ಕಂಡುಹಿಡಿಯಲಿಕ್ಕೆ ಸುಲಭದ ನಿಯಮ ಇರಲಿಲ್ಲ. ಕೇಶಿರಾಜ ‘ಬಹುತೇಕ’ ಅಂತ ಹೇಳಿ ಜಾರಿಕೊಳ್ಳಲಿಲ್ಲ. ಕೂತು ಪದಗಳನ್ನು ಪಟ್ಟಿ ಮಾಡಿದ. ಓದುಗ ಎಲ್ಲಿ ಎಡವುತ್ತಾನೋ ಅಲ್ಲಿ ಪುಟ ಹೆಚ್ಚು ಖರ್ಚು ಮಾಡಿದ. 1872ರಲ್ಲಿ ಕಿಟ್ಟೆಲ್ ಈ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಂದರೆ ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಇದು ಅಚ್ಚಿನಲ್ಲಿತ್ತು. ಹಾಗಿದ್ದೂ ೞಕ್ಕೆ ‘ಎಫ್‌ಎ’ ಅಂತ ಹೆಸರು ಬಂತು. ದಾಖಲೆ ಇದ್ದರೆ ಸಾಲದು, ಬೇಕಾದವನ ದಾರಿಯಲ್ಲಿ ಇರಬೇಕು ಅನ್ನೋ ಮಾತು ಇಲ್ಲೂ ಬರುತ್ತದೆ. ಕೇಶಿರಾಜನಲ್ಲೂ ಕೊರತೆ ಇಲ್ಲದಿಲ್ಲ. ಸಂಸ್ಕೃತ ವ್ಯಾಕರಣದ ಪರಿಭಾಷೆ ಮೊದಲೇ ಗೊತ್ತಿದೆ ಅಂತ ಹಿಡಿದುಕೊಂಡೇ ಆತ ಬರೆಯುತ್ತಾನೆ. ನನ್ನಂಥವನು ಮೊದಲ ಪ್ರಕರಣದಲ್ಲೇ ಉಸಿರು ಬಿಡುತ್ತಾನೆ.

ಈಗ ನಮ್ಮ ಆಫೀಸಿಗೆ ಬರೋಣ. ಡಾಕ್ಯುಮೆಂಟೇಶನ್ ಯೋಜನೆ ಅಂದರೆ ಸಾಮಾನ್ಯವಾಗಿ ಏನು ನಡೆಯುತ್ತದೆ? ಒಂದು ಟೆಂಪ್ಲೇಟ್ ತರುತ್ತಾರೆ. ಇತ್ತೀಚೆಗೆ ಡಯಾಟಾಕ್ಸಿಸ್ ಹೆಸರು ಎಲ್ಲರ ಬಾಯಲ್ಲಿ. ಡ್ಯಾನಿಯೆಲೆ ಪ್ರೊಚಿಡಾ ರೂಪಿಸಿದ ಚೌಕಟ್ಟು ಅದು. ಕಲಿಸುವ ಪಾಠ, ಕೆಲಸ ಮಾಡಿಸುವ ಮಾರ್ಗಸೂಚಿ, ನೋಡಿಕೊಳ್ಳುವ ಕೈಪಿಡಿ, ಅರ್ಥ ಮಾಡಿಸುವ ವಿವರಣೆ, ಈ ನಾಲ್ಕನ್ನೂ ಕಲಸಬೇಡಿ ಅನ್ನುತ್ತದೆ. ಒಳ್ಳೆ ಮಾತು. ಕಲಿಯಲಿಕ್ಕೆ ಬಂದವನ ಮುಂದೆ ಮೂವತ್ತು ಪ್ಯಾರಾಮೀಟರ್‌ನ ಕೋಷ್ಟಕ ಸುರಿಯೋದನ್ನು ಅದು ಎಷ್ಟೋ ಕಡೆ ತಪ್ಪಿಸಿದೆ. ಆದರೆ ನಮ್ಮ ತಂಡಗಳು ಅದನ್ನು ನಾಲ್ಕು ಖಾಲಿ ಪೆಟ್ಟಿಗೆ ಅಂತ ತಿಳಿದುಕೊಂಡಿವೆ. ನಾಲ್ಕೂ ತುಂಬಿದರೆ ಟಿಕೆಟ್ ಕ್ಲೋಸ್. ಯಾರು ತುಂಬುತ್ತಾರೆ? ರಿಲೀಸ್‌ಗೆ ಎರಡು ದಿನ ಇದ್ದಾಗ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ. ಅವಳಿಗೆ ಯಾಕೆ ಹೀಗೆ ಕಟ್ಟಿದ್ದೇವೆ ಅಂತ ಗೊತ್ತಿಲ್ಲ, ಗೊತ್ತಿದ್ದವರಿಗೆ ಪುರುಸೊತ್ತಿಲ್ಲ. ಅವಳು ಕೋಡ್ ನೋಡಿ, ಪ್ರತಿ ಫಂಕ್ಷನ್‌ನ ಹೆಸರನ್ನು ವಾಕ್ಯ ಮಾಡಿ ಇಡುತ್ತಾಳೆ. ‘ಗೆಟ್ ಯೂಸರ್: ಯೂಸರನ್ನು ಗೆಟ್ ಮಾಡುತ್ತದೆ.’ ಈಗ ಎಐ ಬಂದ ಮೇಲೆ ಇದೇ ಕೆಲಸ ಎರಡು ನಿಮಿಷದಲ್ಲಿ ಆಗುತ್ತದೆ. ವಾಕ್ಯಗಳು ಅವಳದ್ದಕ್ಕಿಂತ ನುಣುಪಾಗಿರುತ್ತವೆ, ಅಷ್ಟೇ ಖಾಲಿ.

ಕೋಡ್ ನೋಡಿ ಬರೆಯಬಹುದಾದದ್ದು ಕೋಡ್ ನೋಡಿದರೆ ತಿಳಿಯುವಂಥದ್ದೇ. ಕೋಡ್‌ನಲ್ಲಿ ಇಲ್ಲದ್ದು ಎರಡು. ಒಂದು, ಯಾಕೆ ಹೀಗೆ ಅನ್ನೋದು. ಮೈಕಲ್ ನೈಗಾರ್ಡ್ 2011ರಲ್ಲಿ ಇದಕ್ಕೆ ಒಂದು ಸಣ್ಣ ರೂಪ ಸೂಚಿಸಿದರು: ಪ್ರತಿ ದೊಡ್ಡ ತೀರ್ಮಾನಕ್ಕೆ ಒಂದೆರಡು ಪುಟ, ಸಂದರ್ಭ ಏನಿತ್ತು, ಏನು ತೀರ್ಮಾನಿಸಿದೆವು, ಅದರ ಪರಿಣಾಮ ಏನು. ಪೈಥಾನ್‌ನವರು ಭಾಷೆಗೆ ಹೊಸದು ಸೇರಿಸುವಾಗ ಬರೆಯುವ ಪ್ರಸ್ತಾವಗಳಲ್ಲಿ ತಳ್ಳಿಹಾಕಿದ ವಿಚಾರಗಳಿಗೇ ಒಂದು ಭಾಗ ಇಡುತ್ತಾರೆ. ಇಂಥದ್ದನ್ನು ಇಟ್ಟುಕೊಂಡ ತಂಡದಲ್ಲಿ ಕೆಲಸ ಮಾಡಿದ್ದೇನೆ. ಒಬ್ಬ ಸೀನಿಯರ್ ನೌಕರಿ ಬಿಟ್ಟು ಹೋದಾಗ ಅಲ್ಲಿ ಯಾರೂ ಗಾಬರಿ ಬೀಳಲಿಲ್ಲ.

ಇನ್ನೊಂದು, ಎಲ್ಲಿ ಮುರಿಯುತ್ತದೆ ಅನ್ನೋದು. ಇದನ್ನು ಊಹಿಸಿ ಬರೆಯಲಿಕ್ಕೆ ಬರೋದಿಲ್ಲ, ಹೋಗಿ ನೋಡಬೇಕು. ತಂಡಕ್ಕೆ ಹೊಸಬರು ಬಂದ ದಿನ ಅವರ ಪಕ್ಕದಲ್ಲಿ ಅರ್ಧ ದಿನ ಬಾಯಿ ಮುಚ್ಚಿಕೊಂಡು ಕೂತು ನೋಡಿ. ಎಲ್ಲಿ ಕೈ ನಿಲ್ಲುತ್ತದೆ, ಯಾವ ಎರರ್ ಮೆಸೇಜನ್ನು ಕಾಪಿ ಮಾಡಿ ಗೂಗಲ್‌ಗೆ ಹಾಕುತ್ತಾರೆ, ಎಲ್ಲಿ ಸ್ಲ್ಯಾಕ್‌ನಲ್ಲಿ ‘ಯಾರಾದರೂ ಇದ್ದೀರಾ’ ಅಂತ ಕೇಳುತ್ತಾರೆ. ಅದೇ ನಿಮ್ಮ ಪರಿವಿಡಿ. ಬಾಯಿ ಮುಚ್ಚಿಕೊಳ್ಳೋದೇ ಕಷ್ಟದ ಭಾಗ.

ಭಾಷೆಯ ವಿಷಯ ಒಂದು ಹೇಳಬೇಕು. ನಾವು ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಡಾಕ್ಯುಮೆಂಟೇಶನ್ ಓದುವಾಗ ಒಂದು ಪದ ನಮ್ಮನ್ನು ಚುಚ್ಚುತ್ತದೆ: ‘ಸಿಂಪ್ಲಿ’. ಸಿಂಪ್ಲಿ ಈ ಕಮಾಂಡ್ ರನ್ ಮಾಡಿ. ಮಾಡುತ್ತೇವೆ, ಎರರ್ ಬರುತ್ತದೆ. ಇಷ್ಟು ಸಿಂಪಲ್ ಇದ್ದದ್ದೂ ನಂಗ ಬರಲಿಲ್ಲಲ್ಲ ಅಂತ ಮೊದಲ ವರ್ಷ ಒಳಗೊಳಗೇ ಕುಗ್ಗಿದವರು ಎಷ್ಟು ಮಂದಿ! ಗೂಗಲ್‌ನ ಡೆವಲಪರ್ ಡಾಕ್ಯುಮೆಂಟೇಶನ್ ಸ್ಟೈಲ್ ಗೈಡ್ ಇಂಥ ಪದಗಳನ್ನು ಬಳಸಬೇಡಿ ಅನ್ನುತ್ತದೆ, ಬೇರೆ ಬೇರೆ ದೇಶದ ಓದುಗರನ್ನು ಮನಸ್ಸಿನಲ್ಲಿಟ್ಟು ಸಣ್ಣ ವಾಕ್ಯ ಬರೆಯಿರಿ ಅನ್ನುತ್ತದೆ. ಡಾಕ್ಯುಮೆಂಟೇಶನ್ ಎಲ್ಲಾ ಕನ್ನಡದಲ್ಲೇ ಬರಬೇಕು ಅಂತ ವಾದ ಮಾಡುವ ಗೆಳೆಯರಿದ್ದಾರೆ. ನನಗೆ ಅದಕ್ಕಿಂತ ಮೊದಲು ಬೇಕಾದ್ದು, ಕನ್ನಡದ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ನಿಜವಾದ ಸಾಲು. ಕನ್ನಡ ಪಠ್ಯವನ್ನು ಮುರಿಯುತ್ತಿರುವ ಕೋಡ್ ಬರೆಯುತ್ತಿರುವವರಲ್ಲಿ ಹೆಚ್ಚಿನವರು ಕನ್ನಡ ಓದುವವರಲ್ಲ.

ಈ ನಾಲ್ಕು ಸಾಲಿನ ಬೆಲೆ ನಮಗೆ ಈಗಾಗಲೇ ಒಮ್ಮೆ ಗೊತ್ತಾಗಿದೆ. ಯೂನಿಕೋಡ್‌ಗೆ ಮೊದಲಿನ ಫಾಂಟುಗಳ ಕಾಲದಲ್ಲಿ ಟೈಪ್ ಮಾಡಿದ ಯಾವುದಾದರೂ ಹಳೆಯ ಪಿಡಿಎಫ್‌ನಿಂದ ‘ಕನ್ನಡ’ ಅನ್ನೋ ಪದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ. ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಗುರುತು, ಹೀಗೆ ಏನೇನೋ ಬೀಳುತ್ತದೆ. ನುಡಿ ಫಾಂಟ್‌ನಲ್ಲಿ ‘ಕ’ ಅಂದರೆ ಆ ಪಿ ಮತ್ತು ಎ, ‘ನ’ ಅಂದರೆ ಪೌಂಡ್ ಗುರುತಿನ ಜೊತೆ ಅದೇ ಎ. ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ ಮೊದಲು ಬರಬೇಕು. ಸುಮ್ಮನೆ ಒಂದಕ್ಕೊಂದು ಬದಲಿಸಿದರೆ ಆಗೋದಿಲ್ಲ, ಹಿಂದೆ ಮುಂದೆ ಸರಿಸಬೇಕು. ಉತ್ಸಾಹಿಗಳು ಒಂದೊಂದೇ ಅಕ್ಷರ ನೋಡಿ ನೋಡಿ ಪರಿವರ್ತಕ ಬರೆದು ಹಂಚಿದರು. ಅವರು ಮಾಡಿದ ಆ ಅಕ್ಷರಪಟ್ಟಿಗಳೇ ನನ್ನ ಪ್ರಕಾರ ಕನ್ನಡ ಕಂಪ್ಯೂಟಿಂಗ್‌ನ ಅತ್ಯುತ್ತಮ ಡಾಕ್ಯುಮೆಂಟೇಶನ್. ಸಾಹಿತ್ಯ ಏನೂ ಇಲ್ಲ, ಎಡಕ್ಕೆ ಅದು, ಬಲಕ್ಕೆ ಇದು. ಆದರೆ ಬೇರೆಯವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ.

ಬರೀ ಟೀಕೆ ಮಾಡಿ ಎದ್ದುಹೋಗೋದು ಸರಿಯಲ್ಲ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಗ್ಗೆ ಆ ವಾಕ್ಯದ ಕೆಳಗೆ ನಾನು ಸೇರಿಸುವುದಾದರೆ ಹೀಗೆ ಬರ್ಕೋತೀನಿ:

‘ಎಚ್ಚರಿಕೆ: ಕನ್ನಡ, ಹಿಂದಿ, ತಮಿಳು ಮುಂತಾದ ಲಿಪಿಗಳ ಗುಣಿತ ಚಿಹ್ನೆ ಮತ್ತು ವಿರಾಮ ಇದರಲ್ಲಿ ಸೇರುವುದಿಲ್ಲ. ಹೆಸರು ಅಥವಾ ಪಠ್ಯವನ್ನು ಸ್ವಚ್ಛಗೊಳಿಸಲು ಇದನ್ನು ಬಳಸಿದರೆ ಪದಗಳು ಹಾಳಾಗುತ್ತವೆ. ಉದಾಹರಣೆ: ಸಿದ್ದಪ್ಪ ಎಂಬುದು ಸದದಪಪ ಆಗುತ್ತದೆ. ಈ ಲಿಪಿಗಳು ಬರುವ ಕಡೆ ರಿಜೆಕ್ಸ್ ಪ್ಯಾಕೇಜ್ ಬಳಸಿ.’

ಇಷ್ಟೇ. ಯಾರಿಗೆ, ಏನಾಗುತ್ತದೆ, ಕಣ್ಣಿಗೆ ಕಾಣೋ ಒಂದು ಉದಾಹರಣೆ, ಹಾಗಾದರೆ ಏನು ಮಾಡಲಿ. ಅರ್ಧ ನಿಮಿಷದ ಓದು.

ಈ ನಾಲ್ಕು ವಾಕ್ಯ ಎಲ್ಲರ ಪುಟದಲ್ಲೂ ಬರೋವರೆಗೆ ಕಾಯಲಿಕ್ಕಾಗೋದಿಲ್ಲ. ಅದಕ್ಕೆ ನಮ್ಮ ತಂಡದಲ್ಲಿ ಒಂದು ಫೈಲ್ ಇಟ್ಟಿದ್ದೇವೆ. ಕನ್ನಡ ಬರುವ ಯಾವ ಕೋಡ್ ಆದರೂ ಅದರಲ್ಲಿರುವ ಪದಗಳನ್ನು ದಾಟಿ ಬರಬೇಕು. ಪ್ರತಿ ಪದದ ಪಕ್ಕದಲ್ಲಿ, ಇದು ಯಾಕೆ ಇಲ್ಲಿದೆ ಅಂತ ಒಂದು ಸಾಲು. ಸಿದ್ದಪ್ಪ ಇದ್ದಾನೆ, ಒತ್ತಕ್ಷರಕ್ಕೆ. ‘ಸಾಫ್ಟ್‌ವೇರ್’ ಇದೆ. ಅದರ ನಡುವೆ ‘ಝೀರೋ ವಿಡ್ತ್ ನಾನ್ ಜಾಯ್ನರ್’ ಅನ್ನೋ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ. ಕಾಣೋದಿಲ್ಲ ಅಂತ ಅದನ್ನು ತೆಗೆದರೆ ‘ಸಾಫ್ಟ್ವೇರ್’ ಅಂತ ಒತ್ತು ಬಂದು ಓದುವವರ ಹಲ್ಲು ಕಚ್ಚುತ್ತದೆ. ಒಂದನ್ನು ಟೈಪ್ ಮಾಡಿ ಇನ್ನೊಂದನ್ನು ಹುಡುಕಿದರೆ ಸಿಗೋದೂ ಇಲ್ಲ. ‘ರ‍್ಯಾಲಿ’ ಇದೆ. ಅದರಲ್ಲಿ ‘ರ’ ಮತ್ತು ವಿರಾಮದ ನಡುವೆ ಜಾಯ್ನರ್ ಇಡದೇ ಹೋದರೆ ಅರ್ಕಾವತ್ತಾಗಿ ‘ರ್ಯಾಲಿ’ ಆಗುತ್ತದೆ. ಕಾಣದ ಸಂಕೇತ ಎಲ್ಲಾ ತೆಗಿ ಅನ್ನೋ ಲೈಬ್ರರಿಗಳು ಇದನ್ನೂ ತೆಗೆಯುತ್ತವೆ.

ಕೊನೆಯದು ನಮ್ಮೂರ ಕಡೆಯವರಿಗಾಗಿಯೇ ನಾನು ಸೇರಿಸಿದ್ದು. ಗಡಿಯ ಈ ಭಾಗದಲ್ಲಿ ಒಂದೇ ಮನೆಯ ಕಾಗದಗಳು ಕನ್ನಡದಲ್ಲೂ ಇರುತ್ತವೆ, ಮರಾಠಿಯಲ್ಲೂ ಇರುತ್ತವೆ. ಮರಾಠಿಯಲ್ಲಿ ‘ದರ್ಯಾ’ ಅಂದರೆ ಸಮುದ್ರ, ‘ದರ‍್ಯಾ’ ಅಂದರೆ ಕಣಿವೆಗಳು. ಬರವಣಿಗೆಯಲ್ಲಿ ಎರಡಕ್ಕೂ ಇರೋ ವ್ಯತ್ಯಾಸ ‘ರ’ ಕೂರುವ ರೀತಿಯಲ್ಲಿ ಮಾತ್ರ. ದೇವನಾಗರಿಯಲ್ಲಿ ಈ ಎರಡನೆಯದನ್ನು ಬರೆಯುವ ಒಂದು ರೀತಿಯಲ್ಲಿ ಮೊದಲು ‘ರ’, ಆಮೇಲೆ ವಿರಾಮ, ಆಮೇಲೆ ಜಾಯ್ನರ್. ಕನ್ನಡದಲ್ಲಿ ಮೊದಲು ‘ರ’, ಆಮೇಲೆ ಜಾಯ್ನರ್, ಆಮೇಲೆ ವಿರಾಮ. ಲಿಪಿ ಬದಲಿಸುವ ಕೋಡ್ ಬರೆಯುವವರು ಅಕ್ಷರಕ್ಕೆ ಅಕ್ಷರ ಇಟ್ಟರೆ ಇಲ್ಲಿ ತಪ್ಪುತ್ತದೆ, ಕ್ರಮ ಅದಲುಬದಲು ಮಾಡಬೇಕು. ಫೈಲ್‌ನಲ್ಲಿ ಆ ಪದದ ಪಕ್ಕ ಇದನ್ನೇ ಬರೆದಿದ್ದೇನೆ, ಮೂರು ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ‘ಸಿಂಪ್ಲಿ’ ಇಲ್ಲದೆ.